ಜಗಿಯದೆ ನುಂಗಿದ ತುತ್ತು

ಕಿಸುಮು ಹತ್ತಿರದ ಹಳ್ಳಿ, ಕೀನ್ಯಾ

ಶ್ರೀರಾಂಪುರದ ನನ್ನ ಓಬವ್ವಜ್ಜಿಗೆ,

ನಾನು ಚೆನ್ನಾಗಿದ್ದೇನೆ. ಟೀಚರ್ ತರಬೇತಿ ಮುಗಿಯುವ ತನಕ, ಅಂದರೆ ಮೂರು ತಿಂಗಳು, ಅಕಿನಿ ಅಮ್ಮ ಎನ್ನುವವರ ಮನೆಯಲ್ಲಿ ನನ್ನ ವಾಸ. ಇಲ್ಲಿ ನಲ್ಲಿಯಿಲ್ಲ, ಫ್ರಿಜ್ ಇಲ್ಲ. ಅಡುಗೆಗೆ ಸೌದೆ ಒಲೆ, ಸ್ನಾನಕ್ಕೆ ಅರ್ಧ ಬಕೆಟ್ ನೀರು. ನಿನ್ನ ಮನೆಗೆ ಬಂದರೆ ಎರಡೇ ದಿನಕ್ಕೆ ದುರ್ಗದ ಬಸ್ಸು ಹತ್ತುತ್ತಿದ್ದವಳು ನಾನೇ. ನಗಬೇಡ.

ಮೊದಲ ದಿನ ಮೆಕ್ಕೆಜೋಳದ ಬಿಳಿ ಮುದ್ದೆ, ಮೀನಿನ ಸಾರು ಬಡಿಸಿದರು. ರಾಗಿಮುದ್ದೆ ಮುಂದಿಟ್ಟು "ಜಗೀಬ್ಯಾಡ ಕಣೇ, ನುಂಗು" ಎಂದು ನೀನು ಬೈಯುತ್ತಿದ್ದದ್ದು ನೆನಪಾಯಿತು. ಜೀವಮಾನದಲ್ಲೇ ಮೊದಲ ಸಲ ನಿನ್ನ ಮಾತು ಕೇಳಿ, ಸಾರಿನಲ್ಲಿ ಅದ್ದಿ ಗುಳುಕ್ಕನೆ ನುಂಗಿದೆ. ಇಲ್ಲಿಯವರು ಅದನ್ನು ಜಗಿದೇ ತಿನ್ನುತ್ತಾರಂತೆ! ತುತ್ತು ಗಂಟಲಿಗೆ ಸಿಕ್ಕಿಕೊಂಡಿತೆಂದು ಗಾಬರಿಯಾಗಿ ಅಕಿನಿ ಅಮ್ಮ ನನ್ನ ಬೆನ್ನಿಗೆ ದಬದಬ ಗುದ್ದಿದರು. ಇನ್ನೊಂದು ತುತ್ತು ನುಂಗಿ ತೋರಿಸಿದ ಮೇಲೆ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು.

ಅಕಿನಿ ಅಮ್ಮನ ಅತ್ತೆಗೆ ಹಲ್ಲಿಲ್ಲ. ಅವರೂ ನುಂಗಿ ನೋಡಿದರು, ಮುಖ ಅರಳಿತು. ಯಾರು ಕಲಿಸಿದ್ದು ಎಂದು ಕೇಳಿದರು. ನಿನ್ನ ಹೆಸರು ಹೇಳಿದೆ. ಈಗ ಊಟಕ್ಕೆ ಕೂತವರು ಯಾರಾದರೂ ಜಗಿದರೆ ಸಾಕು, ಆ ಅಜ್ಜಿ "ಓಬವ್ವ! ಓಬವ್ವ!" ಎಂದು ಗದರುತ್ತಾರೆ. ಈ ಮನೆಯಲ್ಲಿ ಅದಕ್ಕೆ ನುಂಗು ಎಂದೇ ಅರ್ಥ.

ನಿನ್ನದೊಂದು ಫೋಟೊ ಕಳಿಸು, ಅವರು ನೋಡಬೇಕಂತೆ. ದೀಪಾವಳಿಗೆ ಬಂದು ಒಂದು ತಿಂಗಳು ನಿನ್ನ ಜೊತೆ ಇರುತ್ತೇನೆ. ನನಗೆಂದು ಬೇರೆ ಅನ್ನಕ್ಕಿಡಬೇಡ.

ನಿನ್ನ ಪೇಟೆ ಮೊಮ್ಮಗಳು,
ಆಶಾರಾಣಿ