ಮುಚ್ಚಳದ ಮೇಲಿನ ಹೆಸರು

ಜೂನ್ ೩, ಬೆಳಗ್ಗೆ ೬.೩೦
ನೀರು ಹಾಕಿದ್ದಾಯಿತು. ತಾರಸಿ ಮೇಲೆ ಹನ್ನೆರಡು ಟ್ರೇ, ಎಲ್ಲವೂ ಹಸಿರು. ಮೆಣಸಿನಕಾಯಿ ಸಸಿಗಳು ಗೇಣುದ್ದ ಆಗಿವೆ. ಒಂದು ಟ್ರೇ ಸಿಹಿ ಮೆಣಸು — ಶಾಲೆಗೆ. ಇನ್ನೊಂದು ಖಾರದ್ದು — ಲೈಬ್ರರಿ ಹಿಂದೆ ಬಡಾವಣೆಯವರೆಲ್ಲ ಸೇರಿ ಮಾಡಿರುವ ತೋಟಕ್ಕೆ. ಶುಕ್ರವಾರ ಎರಡೂ ತಲುಪಬೇಕು. ಶಾಲೆಯ ಮಕ್ಕಳು ಗಿಡದಿಂದಲೇ ಕಿತ್ತು ತಿನ್ನುತ್ತಾರೆ, ಅದಕ್ಕೇ ಸಿಹಿ. ಹೆಡ್‌ಮೇಡಂ ಮೊದಲೇ ಎಚ್ಚರಿಸಿದ್ದಾರೆ: ಒಂದು ಮಗುವಿನ ಬಾಯಿ ಉರಿದರೂ ಮುಂದಿನ ವರ್ಷದಿಂದ ನಿಮ್ಮ ಸಸಿ ಬೇಡ.

ಮೂವತ್ತೆರಡು ವರ್ಷ ಅಂಚೆ ವಿಂಗಡಿಸಿದವನು ನಾನು. ಒಂದು ಕಾಗದ ತಪ್ಪು ಚೀಲಕ್ಕೆ ಬಿದ್ದಿಲ್ಲ. ನನಗೆ ಎಚ್ಚರಿಕೆಯೇ?

ಅದೇ ದಿನ, ಸಂಜೆ
ಹೆಸರು ಬರೆದದ್ದು ಟ್ರೇ ಮೇಲಲ್ಲ. ಮುಚ್ಚಳದ ಮೇಲೆ. ಮೊಳಕೆ ಬಂದಾಗ ಮುಚ್ಚಳಗಳನ್ನು ತೆಗೆದು, ತೊಳೆದು, ಒಂದರ ಮೇಲೊಂದು ನೀಟಾಗಿ ಜೋಡಿಸಿಟ್ಟಿದ್ದೇನೆ. ಉಳಿದವು ಎಲೆ ನೋಡಿದರೆ ಗೊತ್ತಾಗುತ್ತವೆ. ಈ ಎರಡಕ್ಕೆ ಮಾತ್ರ ಎಲೆಯೂ ಒಂದೇ, ಕಾಯಿಯ ಆಕಾರವೂ ಒಂದೇ. ವ್ಯತ್ಯಾಸ ಗೊತ್ತಾಗುವುದು ನಾಲಿಗೆಗೆ. ಯಾವುದು ಯಾವುದೋ ಈಗ ನನಗೇ ಗೊತ್ತಿಲ್ಲ.

ಹೆಂಡತಿಗೆ ಹೇಳಿದೆ. ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು.

"ಲಕೋಟೆ ಬಿಸಾಕಿ ಕಾಗದ ಮಾತ್ರ ಇಟ್ಕೊಂಡಿದೀರಲ್ರೀ."

ಜೂನ್ ೪
ಎರಡರ ಎಲೆಯನ್ನೂ ಅಗಿದು ನೋಡಿದೆ. ಎರಡೂ ಹುಲ್ಲು ತಿಂದ ಹಾಗೆ. ಸುಮ್ಮನೆ ಒಂದನ್ನು ಕೊಟ್ಟುಬಿಡಲೇ? ಅರ್ಧಕ್ಕರ್ಧ ಸರಿ ಇರಬಹುದು... ತಪ್ಪಾದರೆ ಉರಿಯುವುದು ಒಂದನೇ ಕ್ಲಾಸಿನವರ ಬಾಯಿ. ಬೇಡ.

ಜೂನ್ ೫
ಒಂದು ಟ್ರೇ ಹೊತ್ತು ಶಾಲೆಗೆ ಹೋದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾಚಿಕೆಯಾಯಿತು. ಹೆಡ್‌ಮೇಡಂ ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು.

"ಮೊದಲನೇ ಕಾಯಿ ನೀವೇ ಕಚ್ಚಬೇಕು ಸರ್, ಮಕ್ಕಳ ಮುಂದೆ. ಅಲ್ಲೀವರೆಗೂ ಯಾರೂ ಮುಟ್ಟಲ್ಲ. ಮುಂದಿನ ವರ್ಷದ ಮಾತು ಆಮೇಲೆ."

ನೆಲಕ್ಕೆ ಬೇಡ, ಕುಂಡದಲ್ಲೇ ಇರಲಿ ಎಂದೂ ಹೇಳಿದರು. ಅದಲುಬದಲಾಗಿದ್ದರೆ ಎತ್ತಿಕೊಂಡು ಹೋಗಬಹುದು. ಇನ್ನೊಂದು ಟ್ರೇ ಪಡೆದ ತೋಟದವರೂ ಇದಕ್ಕೆ ಒಪ್ಪಿದರು.

ಆಗಸ್ಟ್ ೧೯
ಶಾಲೆಯಿಂದ ಫೋನ್. ಕಾಯಿ ಬಲಿತಿದೆಯಂತೆ. ನಾಳೆ ಹತ್ತಕ್ಕೆ ಬರಬೇಕಂತೆ. ಇವಳು ಈಗಲೇ ನನ್ನ ಚೀಲದಲ್ಲಿ ಮೊಸರಿನ ಡಬ್ಬಿಗೆ ಜಾಗ ಮಾಡುತ್ತಿದ್ದಾಳೆ. ಗಂಡನ ಮೇಲೆ ಅಷ್ಟು ನಂಬಿಕೆ.

ಆಗಸ್ಟ್ ೨೦
ಖಾರ. ಅಂತಿಂಥ ಖಾರ ಅಲ್ಲ. ಕಣ್ಣು, ಮೂಗು ಎರಡೂ ಸುರಿದವು. ಇಡೀ ಶಾಲೆ ಬಿದ್ದು ಬಿದ್ದು ನಕ್ಕಿತು. ಡಬ್ಬಿ ಖಾಲಿ.

ಮಧ್ಯಾಹ್ನ ಮಕ್ಕಳೇ ಕುಂಡಗಳನ್ನು ತೋಟಕ್ಕೆ ಹೊತ್ತೊಯ್ದು, ಅಲ್ಲಿದ್ದ ಸಿಹಿಯದನ್ನು ತಂದರು. ಉದ್ದನೆಯ ಸಾಲು, ಕೊನೆಯಲ್ಲಿ ಕೆಂಪು ಮೂಗಿನ ನಾನು. ನನ್ನ ಮುಂದೆ ಎರಡು ಜಡೆಯ ಪುಟ್ಟಿಯೊಬ್ಬಳು. ತಿರುಗಿ ಕೇಳಿದಳು:

"ತಾತ, ಮುಂದಿನ ವರ್ಷಾನೂ ನೀವೇ ತಿಂತೀರಾ?"

ಪಕ್ಕದಲ್ಲೇ ನಡೆದು ಬರುತ್ತಿದ್ದ ಹೆಡ್‌ಮೇಡಂ ಮುಖ ನೋಡಿದೆ.

"ಹೂಂ ಅನ್ನಿ ಸರ್," ಎಂದರು.

ನಾಲಿಗೆ ಇನ್ನೂ ಉರಿಯುತ್ತಿದೆ. ಖುಷಿಯಾಗಿದೆ.

ಆಗಸ್ಟ್ ೨೪, ಬೆಳಗ್ಗೆ ೭
ಶಾಲೆಗೆ ಎಲೆಕೋಸು, ತೋಟಕ್ಕೆ ಹೂಕೋಸು ಬೇಕಂತೆ. ಒಂದೊಂದು ಟ್ರೇ ಈಗಷ್ಟೇ ಬಿತ್ತಿದೆ. ಈ ಸಲ ಹೆಸರು ಟ್ರೇ ಮೇಲೆಯೇ. ಇವಳು ಮಾರ್ಕರ್ ತರಲು ಕೆಳಗೆ ಹೋಗಿದ್ದಾಳೆ, ಅಷ್ಟರಲ್ಲಿ ಇದನ್ನು ಗೀಚುತ್ತಿದ್ದೇನೆ. ಹಾಂ, ಬಂದಳು. ಎಡಗಡೆಯದು ಎಲೆಕೋಸು. ಅಲ್ಲ... ಮೊದಲು ಬಿತ್ತಿದ್ದು —