ಗೋಡೆಯ ಮೇಲೆ ನಿನ್ನ ಮುಖ

ಶನಿವಾರ, ಜೂನ್ ೧೪
ಚಿತ್ರಕಲೆಯ ಕೊಠಡಿ

ಪ್ರೀತಿಯ ಗುಬ್ಬೀ,

ನೀನು ಶಾಲಾ ಸಮಿತಿಗೆ ಬರೆದ ಪತ್ರಕ್ಕೆ ಫಲ ಸಿಕ್ಕಿತು. ತಂಪು ಪಾನೀಯ, ಚಿಪ್ಸ್ ಕಂಪನಿಗಳ ಜಾಹೀರಾತು ಇನ್ನು ಶಾಲೆಯಲ್ಲಿ ಎಲ್ಲೂ ಇರಕೂಡದೆಂದು ತೀರ್ಮಾನವಾಗಿದೆ. ಸ್ಕೋರ್ ಬೋರ್ಡು, ನೀರಿನ ತೊಟ್ಟಿ, ಮಕ್ಕಳ ವೇಳಾಪಟ್ಟಿ, ಎಲ್ಲದರ ಮೇಲಿದ್ದ ಹೆಸರೂ ಹೋಯಿತು. ಮೈದಾನದ ಗೋಡೆ ನನ್ನ ಪಾಲಿಗೆ ಬಂತು. ಬರೆದವರೇ ಅಳಿಸಲಿ ಎಂದು ಮುಖ್ಯೋಪಾಧ್ಯಾಯಿನಿ ನಕ್ಕರು. ನಾನೂ ನಕ್ಕೆ.

ನಾನು ಅಲ್ಲಿ ಬರೆದಿದ್ದ ಜಾಹೀರಾತಿನ ಚಿತ್ರ ನೆನಪಿದೆಯಲ್ಲ, ಎರಡು ಜಡೆಯ ಐದು ವರ್ಷದ ನೀನು, ಕೈಯಲ್ಲಿ ಕಿತ್ತಳೆ ಬಣ್ಣದ ಬಾಟಲಿ. ಆ ಗೋಡೆಗೆ ಬದಲಾಗಿ ಕಂಪನಿಯವರು ವರ್ಷವರ್ಷವೂ ನನ್ನ ತರಗತಿಗೆ ಬಣ್ಣದ ಪೆಟ್ಟಿಗೆ ಕಳಿಸುತ್ತಿದ್ದರು. ಅದೇ ಬಣ್ಣದಲ್ಲಿ ಮಕ್ಕಳಿಂದ ಹಣ್ಣು ತರಕಾರಿಯ ಚಿತ್ರ ಬರೆಸಿದವಳು ನಿನ್ನ ಅಮ್ಮ.

ಬೆಳಿಗ್ಗೆಯಿಂದ ಎರಡು ಸಲ ಬಿಳಿ ಬಳಿದೆ. ಮೊದಲು ಬಾಟಲಿ, ಆಮೇಲೆ ಕೈ, ಕೊನೆಗೆ ಮುಖ. ಅಳು ಬರಬಹುದೆಂದು ಕರವಸ್ತ್ರ ಇಟ್ಟುಕೊಂಡಿದ್ದೆ. ಬರಲಿಲ್ಲ. ಅದರಲ್ಲೇ ಕುಂಚ ಒರೆಸಿದೆ.

ಕ್ಯಾಂಟೀನ್ ಮಾಮನಿಗೆ ಸೋಮವಾರದಿಂದ ಬರಬೇಡವೆಂದಿದ್ದಾರೆ. ಚಿಕ್ಕಂದಿನಲ್ಲಿ ಗುಟ್ಟಾಗಿ ಬಾಟಲಿ ಕೊಟ್ಟು ನಿನಗೆ ಚಟ ಹತ್ತಿಸಿದ್ದು ಅವನೇ ಎಂದು ಬರೆದಿದ್ದೆಯಲ್ಲ, ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದರು. ಅವನು ವಾದಿಸಲಿಲ್ಲ. ಇಷ್ಟೊಂದು ಮಕ್ಕಳಲ್ಲಿ ಯಾರಿಗೆ ಏನು ಕೊಟ್ಟೆನೋ ನೆನಪಿಲ್ಲ, ಕೊಟ್ಟಿರಬಹುದು, ತಪ್ಪಾಯಿತು ಎಂದ. ನಾನು ಪಕ್ಕದ ಕುರ್ಚಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಹೊರಗೆ ಬಂದ ಮೇಲೆ, ಮಗಳ ಸಕ್ಕರೆ ಈಗ ಹತೋಟಿಯಲ್ಲಿದೆಯಾ ಟೀಚರ್ ಎಂದು ಕೇಳಿದ. ಇದೆ ಎಂದೆ. ಒಳ್ಳೇದಾಯ್ತು ಎಂದು ತನ್ನ ಪಾತ್ರೆಗಳನ್ನು ಜೋಡಿಸಲು ಹೋದ.

ನನಗೆ ಏನೂ ಅನ್ನಿಸುತ್ತಿಲ್ಲ, ಗುಬ್ಬಿ. ಕೈಗೆ ಅಂಟಿದ ಬಿಳಿ ಒಣಗಿ ಚರ್ಮ ಬಿಗಿಯುತ್ತಿದೆ, ಅಷ್ಟೆ. ಮಾತ್ರೆ ತಪ್ಪಿಸಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ಮರೆತ ಮಾತು: ಮರೆತಿರಲಿಲ್ಲ. ಕಾಯಿಲೆ ಗೊತ್ತಾದ ದಿನ, ನನಗೆ ಈ ಚಟ ಹತ್ತಿಸಿದ್ದು ಯಾರು ಎಂದು ನೀನು ಕೇಳಿದೆ. ಮಾಮನ ಹೆಸರು ಸುಲಭವಾಗಿ ಬಾಯಿಗೆ ಬಂತು. ಆ ಚಿತ್ರಕ್ಕಾಗಿ ನೀನು ಹನ್ನೊಂದು ದಿನ ಕೂತಿದ್ದೆ. ಅಲುಗಾಡದೆ ಕೂತರೆ ದಿನಕ್ಕೊಂದು ಬಾಟಲಿ ಎಂದು ಆಸೆ ತೋರಿಸಿದವಳು ನಾನು. ಹನ್ನೆರಡನೇ ದಿನ ಚಿತ್ರ ಮುಗಿದಿತ್ತು. ಆದರೂ ನೀನು ಬಂದು ಗೋಡೆಯ ಮುಂದೆ ಕೂತು, ಕೈ ಚಾಚಿದೆ. ಕೊಟ್ಟೆ. ಈ ಪತ್ರದ ನಕಲು ಸೋಮವಾರ ಬೆಳಿಗ್ಗೆ ಸಮಿತಿಯ ಮುಂದಿರುತ್ತದೆ. ನೀನೇ ಮೊದಲು ಓದಬೇಕೆಂದು ಇದನ್ನು ಇವತ್ತೇ ಕಳಿಸುತ್ತಿದ್ದೇನೆ.