ಕೊನೆಯ ಹಾಡಿಗೆ ಹಾಕಿದ ಮತ

ಮನೆಯಿಂದ,
ತಾರೀಖು ಹದಿನಾಲ್ಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಅಳಿಯಂದಿರು ಹೇಗಿದ್ದಾರೆ? ನಿನ್ನ ಬೆನ್ನುನೋವು ಕಡಿಮೆಯಾಯಿತೆ? ದಿನವಿಡೀ ನಿಂತೇ ಪಾಠ ಮಾಡುವ ಹಟ ಬಿಡು, ಶಾಲೆಯವರು ಕುರ್ಚಿ ಕೊಟ್ಟಿರುವುದು ಕೂರುವುದಕ್ಕೆ. ಮೂರು ಭಾನುವಾರವಾಯಿತು ನಿನ್ನ ಫೋನ್ ಇಲ್ಲ, ಪರೀಕ್ಷೆಯ ಪೇಪರು ತಿದ್ದುವ ಕಾಲವೇನೋ ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ಇಲ್ಲಿ ನಾನೂ ನಿನ್ನ ಸೋದರತ್ತೆಯೂ ಸುಖವಾಗಿದ್ದೇವೆ. ಅವಳಿಗೆ ಮಂಡಿಯಲ್ಲಿ ನೋವು, ಬಾಯಿಗೆ ಮಾತ್ರ ಯಾವ ತೊಂದರೆಯೂ ಇಲ್ಲ. ನನ್ನ ರಕ್ತದೊತ್ತಡ ಸರಿಯಾಗಿದೆಯೆಂದು ಡಾಕ್ಟರು ಹೇಳಿದರು, ಅಥವಾ ಹೇಳಿದರೆಂದು ನಾನು ತಿಳಿದುಕೊಂಡೆ. ಇದೇನು ಹೀಗೆ ಬರೆಯುತ್ತಾನೆ ಅನ್ನಬೇಡ, ಅದನ್ನೇ ಹೇಳಲು ಹೊರಟಿದ್ದೇನೆ.

ಸುತ್ತಿ ಬಳಸಿ ಹೇಳಲು ಹೋದರೆ ಧೈರ್ಯ ಉಳಿಯುವುದಿಲ್ಲ. ನನಗೆ ಕಿವಿ ಹೋಗಿದೆ. ಎರಡು ವರ್ಷವಾಯಿತು. ಮೊದಲು ಕೊಳಲು ಹೋಯಿತು, ಆಮೇಲೆ ಪಿಟೀಲು, ಆಮೇಲೆ ಹೆಂಗಸರ ದನಿ. ಈಗ ಉಳಿದಿರುವುದು ಡೋಲೊಂದೇ, ಅದೂ ಕಿವಿಯಿಂದಲ್ಲ, ಪಾದದಿಂದ. ಎದುರು ಕೂತವರ ತುಟಿ ನೋಡಿ ಮಾತು ಹಿಡಿಯುತ್ತೇನೆ. ಸಂಗೀತ ನಾಟಕದ ವಾದ್ಯದವರ ಮುಂದೆ ಕಡ್ಡಿ ಹಿಡಿದು ತಾಳ ತೋರಿಸುತ್ತಾ ಮೂವತ್ತೊಂದು ವರ್ಷ ಹಾಡುವವರ ಬಾಯನ್ನೇ ನೋಡಿಕೊಂಡು ನಿಂತವನಿಗೆ ಅದು ಬೇಗ ಬಂತು. ನಿನ್ನ ಅತ್ತೆಗೆ ಇನ್ನೂ ಗೊತ್ತಿಲ್ಲ. ಅವಳ ಮಾತಿಗೆ ಉತ್ತರ ಬೇಕಿಲ್ಲ, ಆಗಾಗ ತಲೆಯಾಡಿಸಿದರೆ ಸಾಕು. ಕಿವಿ ಚೆನ್ನಾಗಿದ್ದಾಗಲೂ ನಾನು ಮಾಡುತ್ತಿದ್ದದ್ದು ಅಷ್ಟೇ. ಇನ್ನು ನಿನ್ನ ಫೋನು. ಭಾನುವಾರ ಹತ್ತು ಗಂಟೆಗೆ ಅತ್ತೆ ಗೆಳತಿಯ ಮನೆಗೆ ಹೋದ ಮೇಲೆ ಫೋನಿನ ಮೇಲೆ ಕೈಯಿಟ್ಟುಕೊಂಡು ಕೂರುತ್ತೇನೆ, ನಡುಗಿದರೆ ಎತ್ತುತ್ತೇನೆ. ಸದ್ದು ಪೂರ್ತಿ ಏರಿಸಿ ಕಿವಿಗೆ ಒತ್ತಿ ಹಿಡಿದರೂ ಗೋಡೆಯಾಚೆ ಯಾರೋ ಗುಜುಗುಜು ಮಾತಾಡಿದ ಹಾಗಿರುತ್ತದೆ, ಒಂದು ಮಾತೂ ಬಿಡಿಸಿ ತಿಳಿಯುವುದಿಲ್ಲ. ಆದರೆ ನೀನು ಕೇಳುವುದು ಯಾವಾಗಲೂ ಒಂದೇ ಕ್ರಮದಲ್ಲಿ: ತಿಂಡಿ ಆಯ್ತಾ, ಮಾತ್ರೆ ತಗೊಂಡ್ಯಾ, ಅತ್ತೆ ಜೊತೆ ಜಗಳ ಆಡಿದ್ಯಾ. ನಿನ್ನ ದನಿ ನಿಂತಾಗಲೆಲ್ಲ ನಾನೂ ಅದೇ ಕ್ರಮದಲ್ಲಿ ಆಯ್ತು, ತಗೊಂಡೆ, ಇಲ್ಲ ಅನ್ನುತ್ತೇನೆ. ಕೊನೆಗೆ ಒಳ್ಳೇದಾಯ್ತು ಮಗಳೇ ಎಂದು ಇಡುತ್ತೇನೆ. ಕಿವಿಗೆ ಯಂತ್ರ ಹಾಕಿಸಿಕೊಳ್ಳಬಹುದಿತ್ತು. ಕಡ್ಡಿ ಮಾಸ್ತರರ ಕಿವಿಯಲ್ಲಿ ಯಂತ್ರ ಎಂದು ಊರೆಲ್ಲ ಆಡಿಕೊಳ್ಳುತ್ತದೆ ಎಂಬ ಜಂಬ ಬಿಡಲಿಲ್ಲ.

ಆ ಜಂಬವೇ ಈಗ ಕುತ್ತಿಗೆಗೆ ಬಂದಿದೆ. ವರ್ಷದ ಅತ್ಯುತ್ತಮ ಸಂಗೀತ ನಾಟಕಕ್ಕೆ ಕೊಡುವ ದೊಡ್ಡ ಪ್ರಶಸ್ತಿ ಗೊತ್ತಲ್ಲ, ಅದರ ತೀರ್ಪುಗಾರರಲ್ಲಿ ಒಬ್ಬನಾಗಿರಿ ಎಂದು ನನಗೆ ಕಾಗದ ಬಂತು. ನಿಮ್ಮ ಕಿವಿಯ ಮೇಲೆ ನಮಗೆ ಪೂರ್ತಿ ನಂಬಿಕೆ ಎಂದು ಬರೆದಿದ್ದರು. ಆಗುವುದಿಲ್ಲ ಎಂದು ಎರಡು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಆ ಕಾಗದವನ್ನು ನಾಲ್ಕು ಸಲ ಓದಿ, ಕನ್ನಡಕ ಒರೆಸಿಕೊಂಡು ಐದನೆಯ ಸಲ ಓದಿ, ಒಪ್ಪಿಗೆ ಬರೆದು ಹಾಕಿದೆ.

ಏಳು ಜನ ತೀರ್ಪುಗಾರರು. ನಿನ್ನೆ ಬೆಳಿಗ್ಗೆ ರಂಗಮಂದಿರದ ಮೇಲ್ಮಹಡಿಯ ಕೋಣೆಯಲ್ಲಿ ಕೂತೆವು, ಉದ್ದ ಮೇಜು, ಒಂದು ಕಾಲು ಗಿಡ್ಡ, ಅದಕ್ಕೆ ಹಳೆಯ ಟಿಕೆಟ್ ಪುಸ್ತಕ ಒತ್ತು ಕೊಟ್ಟಿದ್ದಾರೆ. ಕೊನೆಗೆ ಉಳಿದದ್ದು ಎರಡೇ ನಾಟಕ. ಒಂದು ಗಣಿ ಕೆಲಸದವರದು, ನಲವತ್ತು ಜನ ಒಟ್ಟಿಗೆ ಹಾಡುತ್ತಾರೆ, ಇಡೀ ರಂಗ ನೆಲದೊಳಕ್ಕೆ ಇಳಿಯುತ್ತದೆ. ಇನ್ನೊಂದು ಕಡಲ ದಡದ ದೀಪಸ್ತಂಭ ಕಾಯುವ ಹೆಂಗಸಿನದು, ದೋಣಿಯಲ್ಲಿ ಹೋದ ಮಗನಿಗೆ ದಾರಿ ಗೊತ್ತಾಗಲೆಂದು ಎರಡು ಗಂಟೆ ಒಬ್ಬಳೇ ಹಾಡುತ್ತಾಳೆ. ಆ ಪಾತ್ರದವಳು ಇಪ್ಪತ್ತು ವರ್ಷ ಮೇಳದ ಹಿಂದಿನ ಸಾಲಿನಲ್ಲಿ ನಿಂತವಳು, ಇದೇ ಮೊದಲ ದೊಡ್ಡ ಪಾತ್ರ. ನಮ್ಮ ತಂಡದಲ್ಲೂ ಇದ್ದಳು. ದನಿ ತೀರಾ ಮುಂದೆ ಬರುತ್ತದೆ, ತಗ್ಗಿಸು ಎಂದು ಅವಳಿಗೆ ದಿನಾ ಕಡ್ಡಿಯಲ್ಲಿ ಸನ್ನೆ ಮಾಡಿದವನು ನಾನೇ.

ಎರಡನ್ನೂ ನಾನು ಕಣ್ಣಿನಿಂದ ಕೇಳಿದೆ. ರಂಗದ ಮುಂದಿನ ತಗ್ಗಿನಲ್ಲಿ ಕೂರುವ ವಾದ್ಯದವರನ್ನು ನೋಡುತ್ತಾ ಕೂತೆ. ಅದೇ ನಾಟಕವನ್ನು ಐವತ್ತು ಸಲ ನುಡಿಸಿದವನು ಮೇಲೆ ಏನಾಗುತ್ತಿದೆ ಎಂದು ತಲೆಯೆತ್ತಿ ನೋಡುವುದಿಲ್ಲ, ಹಾಳೆ ನೋಡುತ್ತಾನೆ, ಇಲ್ಲವೇ ಗಡಿಯಾರ ನೋಡುತ್ತಾನೆ. ಗಣಿ ನಾಟಕದಲ್ಲಿ ಅಷ್ಟೇ ಆಯಿತು, ಪಿಟೀಲಿನವನೊಬ್ಬ ಆಕಳಿಸಿದ. ದೀಪಸ್ತಂಭದಲ್ಲಿ ಕೊನೆಯ ಹಾಡಿಗೆ ಎಲ್ಲರೂ ವಾದ್ಯ ಮಡಿಲಲ್ಲಿಟ್ಟು, ಅಷ್ಟೂ ಜನ ತಲೆಯೆತ್ತಿ ಅವಳನ್ನೇ ನೋಡಿದರು. ವಾದ್ಯವಿಲ್ಲದ ಹಾಡು ಎಂದುಕೊಂಡೆ. ಅವಳು ಕಿಟಕಿಯ ಮುಂದೆ ನಿಂತು ಬಾಯಿ ತೆರೆದಳು, ಪಕ್ಕೆ ಏರಿತು, ಕತ್ತಿನ ನರ ಬಿಗಿಯಿತು. ನನ್ನ ಪಕ್ಕದವರು ಬಾಯಿಗೆ ಕೈ ಹಿಡಿದುಕೊಂಡಿದ್ದರು. ನಾನು ಅತ್ತುಬಿಟ್ಟೆ, ಮಗಳೇ. ನಿಮ್ಮಮ್ಮ ಹೋದ ಮೇಲೆ ಅಷ್ಟು ಅತ್ತಿರಲಿಲ್ಲ.

ನಿನ್ನೆ ಮೂರು ಜನ ಗಣಿಗೆ, ಮೂರು ಜನ ದೀಪಸ್ತಂಭಕ್ಕೆ ಎಂದರು. ಗಣಿಯ ಪರವಾಗಿ ವಾದ ಮಾಡಿದವನು ಪತ್ರಿಕೆಯ ವಿಮರ್ಶಕ, ನೀನು ಚಿಕ್ಕವಳಿದ್ದಾಗ ಮೀಸೆಮಾವ ಅನ್ನುತ್ತಿದ್ದೆಯಲ್ಲ, ಅವನೇ. ಅವನ ಮಾತು ನನಗೆ ಅರ್ಧ ಸಿಗುತ್ತದೆ, ಉಳಿದರ್ಧ ಮೀಸೆಯೊಳಗೇ ಉಳಿಯುತ್ತದೆ. "ನಲವತ್ತು ಜನ ಒಂದೇ ಉಸಿರಲ್ಲಿ ಹಾಡ್ತಾರೆ, ಇಲ್ಲಿ ಒಬ್ಬಳು, ಅದೂ ಕೊನೇ ಹಾಡಲ್ಲಿ" ಎಂದವನು ಕರವಸ್ತ್ರ ತೆಗೆದು ಮೀಸೆ ಒರೆಸಿಕೊಂಡೇ ಮಾತು ಮುಗಿಸಿದ. ಏನೆಂದನೋ ಕಾಣಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಕೊನೆಯ ಹಾಡನ್ನು ಹಳಿದಿರಬೇಕು ಎಂದು ನನಗೆ ರೇಗಿತು. "ಮೂವತ್ತೊಂದು ವರ್ಷದಲ್ಲಿ ಅಂಥಾ ಹಾಡು ನಾನು ಕೇಳಿಲ್ಲ. ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ" ಅಂದೆ.

ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಹಳೆಯ ನಟಿ, ಮಾತು ಬಿಡಿಸಿಟ್ಟ ಹಾಗೆ ಸ್ಪಷ್ಟ. "ಅವಳು ಅಲ್ಲಿ ಒಂಚೂರೂ ದನಿ ತೆಗೆಯಲ್ಲ. ಆ ತಾಯಿಯ ಗಂಟಲು ಬಿದ್ದುಹೋಗಿರುತ್ತೆ, ಬರೀ ಬಾಯಿ ತೆರೀತಾಳೆ. ನಮಗೆಲ್ಲಾ ಕೇಳಿದ್ದು ಮೌನ. ಹಾಡು ಕೇಳಿಸಿಕೊಂಡವರು ನೀವೊಬ್ಬರೇ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಸಿಕ್ಕಿಬಿದ್ದೆ, ಇನ್ನು ಮುಗಿಯಿತು ಎಂದುಕೊಂಡರೆ, ಸುತ್ತ ಕೂತವರು ಚಪ್ಪಾಳೆ ತಟ್ಟಿದರು. ನಾನು ಏನೋ ದೊಡ್ಡ ಮಾತು ಹೇಳಿದೆ ಎಂದು ತಿಳಿದರು, ಮಗಳೇ. ನಾಲ್ಕು ಮತ ದೀಪಸ್ತಂಭಕ್ಕೆ. ನನ್ನ ಮಾತನ್ನು ಪ್ರಶಸ್ತಿ ಪತ್ರದಲ್ಲಿ ಅಚ್ಚು ಹಾಕಿಸುತ್ತಾರಂತೆ, ಸಮಾರಂಭದಲ್ಲಿ ಅದನ್ನು ನಾನೇ ಓದಬೇಕಂತೆ.

ಮೀಸೆಮಾವ ಒಬ್ಬ ಚಪ್ಪಾಳೆ ತಟ್ಟಲಿಲ್ಲ. ಪಕ್ಕದಲ್ಲೇ ಕೂತಿದ್ದವನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತ. ಆಮೇಲೆ ನನ್ನ ಹಿಂದೆಯೇ ಮೆಟ್ಟಿಲಿಳಿದು ಬಂದು ತೋಳು ಹಿಡಿದ. ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ನಿಂತು, ಎರಡು ಬೆರಳಿನಿಂದ ಮೀಸೆ ಮೇಲೆತ್ತಿ ಹಿಡಿದು ನಿಧಾನವಾಗಿ ಹೇಳಿದ: "ಒಳಗೆ ಮುಖ ತಿರುಗಿಸಿ ನಿನ್ನನ್ನ ಮೂರು ಸಲ ಕರೆದೆ. ಎಷ್ಟು ದಿನದಿಂದ ಹೀಗೆ?" ಎರಡು ವರ್ಷ ಅಂದೆ. "ನಾನು ಯಾರಿಗೂ ಹೇಳಲ್ಲ. ಹೇಳೋದು ನಿನ್ನ ಕೆಲಸ" ಅಂದ. ನನ್ನ ಕೈ ಬಿಡದೆ ಬೀದಿಯವರೆಗೂ ಬಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಗುರುವಾರ ಹತ್ತು ಗಂಟೆಗೆ ಎಲ್ಲರೂ ಸಹಿ ಹಾಕಬೇಕು. ನಾನು ಹೇಳಿಬಿಟ್ಟರೆ ನನ್ನ ಮತ ಬಿದ್ದುಹೋಗುತ್ತದೆ, ಮೂರಕ್ಕೆ ಮೂರು ಸಮ. ಸಮವಾದರೆ ಆ ವರ್ಷ ಯಾರಿಗೂ ಇಲ್ಲ ಎಂಬುದು ಅವರ ನಿಯಮ. ಇಪ್ಪತ್ತು ವರ್ಷ ಹಿಂದಿನ ಸಾಲಿನಲ್ಲಿ ನಿಂತವಳ ದನಿ ತಗ್ಗಿಸಿದ ನಾನೇ ಈಗ ಅವಳ ಕೈಯಿಂದ ಪ್ರಶಸ್ತಿಯನ್ನೂ ಕಿತ್ತುಕೊಂಡ ಹಾಗಾಗುತ್ತದೆ. ಹೇಳದಿದ್ದರೆ, ಸಮಾರಂಭದಲ್ಲಿ ಸಾವಿರ ಜನರ ಮುಂದೆ ನಿಂತು ಆ ಸುಳ್ಳನ್ನು ನಾನೇ ಓದಬೇಕು. ಭಯವಾಗುತ್ತದೆ, ಮಗಳೇ. ಜನ ನಗುತ್ತಾರೆ ಎಂದಷ್ಟೇ ಅಲ್ಲ. ಕಿವಿ ಬಿಟ್ಟರೆ ನಾನು ಇನ್ನೇನು ಎಂದು ಗೊತ್ತಾಗುತ್ತಿಲ್ಲ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನನಗೆ ಕಿವಿ ಕೇಳಿಸುವುದಿಲ್ಲ ಎಂದು ಹೇಳಿ ನೋಡಿದೆ, ನನ್ನ ತುಟಿ ನನಗೇ ಓದಲಾಗಲಿಲ್ಲ.

ಅಳಿಯಂದಿರಿಗೆ ನನ್ನ ನೆನಪು ಹೇಳು. ನೀನು ಕಾಲಕ್ಕೆ ಸರಿಯಾಗಿ ಊಟ ಮಾಡು, ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ನೀನು ಎಲ್ಲಿದ್ದರೂ ನಿನ್ನ ಮಾತನ್ನು ಕೇಳಿಸಿಕೊಳ್ಳುವವರು ನಿನ್ನ ಹತ್ತಿರ ಇರಲಿ ಎಂದು ಹರಸುವ,

ನಿನ್ನ ಅಪ್ಪ
(ಕಡ್ಡಿ ಮಾಸ್ತರು)

ವಿ.ಸೂ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ. ಬರೆಯಬೇಕಾಗಿದ್ದು ಇನ್ನೂ ಬರೆದಿಲ್ಲ. ಈ ಮೂರು ಭಾನುವಾರಕ್ಕೆ ಮುಂಚೆ, ಕೊನೆಯ ಸಲ ನೀನು ಫೋನ್ ಮಾಡಿದಾಗ ನಿನ್ನ ದನಿ ಎಂದಿನ ಜಾಗದಲ್ಲಿ ನಿಲ್ಲಲಿಲ್ಲ. ಒಂದೇ ಸಮನೆ ಬಹಳ ಹೊತ್ತು ಹೋಯಿತು. ನಿಂತ ಮೇಲೆ ನಾನು "ಒಳ್ಳೇದಾಯ್ತು ಮಗಳೇ, ನಂಗೆ ತುಂಬಾ ಸಂತೋಷ" ಅಂದೆ. ಆಮೇಲೆ ಆ ಕಡೆಯಿಂದ ಏನೂ ಬರಲಿಲ್ಲ, ಬಹಳ ಹೊತ್ತು ಕಾದು ಇಟ್ಟೆ. ಹೋದ ವಾರ ಅತ್ತೆ ತಾನೇ ನಿನಗೆ ಫೋನ್ ಮಾಡಿದಳಂತೆ, "ಅಪ್ಪನಿಗೆ ಎಲ್ಲಾ ಹೇಳಿದೀನಿ, ಅಪ್ಪನನ್ನೇ ಕೇಳಿ" ಅಂದೆಯಂತೆ. ಅವಳು ಕೇಳಿದರೆ ನಾನು ವಿಶೇಷ ಏನಿಲ್ಲ ಅಂದೆ. ನಿನ್ನೆ ಸದ್ದೇ ಇಲ್ಲದ್ದನ್ನು ಹಾಡು ಎಂದು ಹೊಗಳಿದಾಗಿನಿಂದ ನನ್ನ ತಲೆಯಲ್ಲಿರುವುದು ಆ ಭಾನುವಾರ ಒಂದೇ. ಗುರುವಾರ ಅವರೆದುರು ಹೇಳುತ್ತೇನೆ, ನಿನಗೆ ಹೇಳಿಯಾದ ಮೇಲೆ ಅದೇನು ದೊಡ್ಡದಲ್ಲ. ನೀನು ಅವತ್ತು ಏನು ಹೇಳಿದೆ ಎಂದು ಬರೆದು ಕಳಿಸು. ಅಷ್ಟೂ ಬರೆಯಲು ಆಗದಿದ್ದರೆ ಇದೊಂದನ್ನು ಬರೆ. ನಾನು ಸಂತೋಷ ಅಂದಾಗ ನೀನು ಅಳುತ್ತಿದ್ದೆಯಾ?